ಕೆಳದಂಡೆಗೂ ನಾಳೆಗೂ ಉತ್ತರ ಹೇಳುವ ಸಮಾಜ

(ಗಳಗನಾಥದ ವರದಾ–ತುಂಗಭದ್ರಾ ಸಂಗಮದ ದಡದಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಪಠ್ಯ)



ಗಳಗನಾಥವು ಎರಡು ನದಿಗಳ ಕೆಳದಂಡೆಯ ಊರು. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಹಾನಗಲ್ಲು ಹಾವೇರಿಗಳ ಹೊಲಗದ್ದೆಗಳ ನಡುವೆ ಹರಿದ ವರದೆ ಇಲ್ಲಿ ತನ್ನ ಹೆಸರನ್ನು ತುಂಗಭದ್ರೆಗೆ ಒಪ್ಪಿಸುತ್ತಾಳೆ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿ, ಹರಿಹರಗಳನ್ನು ದಾಟಿ, ಕುಮಾರಪಟ್ಟಣದ ಕಾರ್ಖಾನೆಗಳ ಮಗ್ಗುಲಿನಿಂದ, ಚೌಡದಾನಪುರದ ಮುಕ್ತೇಶ್ವರ ದೇಗುಲದ ಎದುರಿನಿಂದ ಹಾದು ಇಲ್ಲಿಗೆ ಬರುತ್ತಾರೆ. ಮೇಲೆ ಕಾಡು ಕಡಿದರೆ ಇಲ್ಲಿಯ ನೀರು ಕೆಂಪಾಗುತ್ತದೆ. ಮೇಲೆ ವಿಷ ಸುರಿದರೆ ಇಲ್ಲಿಯ ಮೀನು ಸಾಯುತ್ತದೆ. ಮೇಲೆ ಮಳೆಯ ನೀರನ್ನು ಇಂಗಿಸಿದರೆ ಇಲ್ಲಿಯ ಬಾವಿಗೆ ಬೇಸಿಗೆಯಲ್ಲಿ ಒಂದು ಮೊಳ ನೀರು ಹೆಚ್ಚು ನಿಲ್ಲುತ್ತದೆ. ಮಲೆನಾಡಿನ ಜನರ ನಡತೆಯ ಲೆಕ್ಕಪತ್ರವನ್ನು ಓದಬೇಕೆಂದರೆ ಈ ಸಂಗಮಕ್ಕೆ ಬರಬೇಕು.

ಮನುಕುಲ ಇನ್ನೂ ಬಹುಕಾಲ ಈ ಭೂಮಿಯ ಮೇಲೆ ಬಾಳಬೇಕಾದರೆ ಎಂಥ ಸಮಾಜವ್ಯವಸ್ಥೆ ಬೇಕು ಎಂಬುದು ಇಂದಿನ ವಿಷಯ. ಇದು ದೊಡ್ಡ ಪ್ರಶ್ನೆ. ದೊಡ್ಡ ಪ್ರಶ್ನೆಗಳಿಗೆ ದೊಡ್ಡ ಮಾತುಗಳಲ್ಲಿ ಉತ್ತರ ಹೇಳುವ ಅಭ್ಯಾಸ ಲೋಕದಲ್ಲಿದೆ. ಅಂಥ ಉತ್ತರಗಳು ಪುಸ್ತಕದಲ್ಲಿ ಉಳಿಯುತ್ತವೆ, ಊರಿಗೆ ಇಳಿಯುವುದಿಲ್ಲ. ಆದಕಾರಣ ಈ ಪ್ರಶ್ನೆಯನ್ನು ಹಾವೇರಿ ಸೀಮೆಯ ನೆಲ ಮತ್ತು ನೀರಿನ ಮೇಲೆ ಇಟ್ಟು ನೋಡುವುದು ಉಚಿತ. ಹಾಗೆ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಒಂದು ನಿರ್ಧಾರದ ಫಲವನ್ನು ಉಣ್ಣುವವರಲ್ಲಿ ಹೆಚ್ಚಿನವರು ಆ ನಿರ್ಧಾರ ಕೈಗೊಳ್ಳುವ ಸಭೆಯಲ್ಲಿ ಇರುವುದಿಲ್ಲ. ಕೆಳದಂಡೆಯವರು ಇರುವುದಿಲ್ಲ, ಭೂಮಿ ಇಲ್ಲದವರು ಇರುವುದಿಲ್ಲ, ಇನ್ನೂ ಹುಟ್ಟದವರು ಇರಲು ಸಾಧ್ಯವೇ ಇಲ್ಲ. ಈ ಗೈರುಹಾಜರಾದವರಿಗೆ ಸಭೆಯಲ್ಲಿ ಸ್ಥಾನ ಕೊಡುವ ಕಟ್ಟುಪಾಡುಗಳನ್ನು ರೂಪಿಸುವುದೇ ಹೊಸ ನೈತಿಕ ವ್ಯವಸ್ಥೆಯ ಮೊದಲ ಕೆಲಸ.

ಬಾಳಿಕೆ ಒಂದೇ ಸಾಲದು

ಇಲ್ಲಿಯ ಗಳಗೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ್ದು, ಹನ್ನೊಂದನೆಯ ಶತಮಾನದ್ದು. ಹೊಳೆಯ ಅಂಚಿನಲ್ಲಿ ನಿಂತೂ ಇಷ್ಟು ಮಳೆಗಾಲಗಳನ್ನು ಕಂಡಿದೆ. ಅದರ ಹೊರಗೋಡೆಯ ಬುಡಕ್ಕೆ ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಕಲ್ಲಿನ ಆನಿಕೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ದೊಡ್ಡ ಕಟ್ಟಡಕ್ಕೂ ಇಂಥ ಆಸರೆ ಬೇಕಾಗುತ್ತದೆ. ಸಮಾಜವೂ ಹಾಗೆಯೇ, ಒಮ್ಮೆ ಕಟ್ಟಿ ಕೈತೊಳೆದುಕೊಂಡರೆ ಅದು ನಿಲ್ಲುವುದಿಲ್ಲ.

ಆದರೆ ಬಹುಕಾಲ ಬಾಳಿದ್ದೆಲ್ಲ ಒಳ್ಳೆಯದು ಎಂದು ತಿಳಿಯುವುದು ತಪ್ಪು. ಜಾತಿಯ ಮೇಲುಕೀಳು ಕೂಡ ನೂರಾರು ವರ್ಷ ಬಾಳಿದೆ. ಊರಿನ ಕೆರೆ ಊರಿನವರೆಲ್ಲರದು ಎಂದು ಹೇಳುತ್ತಲೇ ಒಂದು ಕೇರಿಯ ಜನರನ್ನು ಅದರ ನೀರಿನಿಂದ ದೂರವಿಟ್ಟ ಚರಿತ್ರೆ ಈ ದೇಶದ್ದು. ಕುಡಿಯುವ ನೀರನ್ನು ಮುಟ್ಟುವ ಹಕ್ಕಿಗಾಗಿ ಡಾ. ಬಾಬಾಸಾಹೇಬ ಅಂಬೇಡ್ಕರರು 1927ರಲ್ಲಿ ಮಹಾಡದ ಚವದಾರ ಕೆರೆಯಲ್ಲಿ ಸತ್ಯಾಗ್ರಹ ಹೂಡಬೇಕಾಯಿತು. ಆದ್ದರಿಂದ ಮುಂದಿನ ಸಮಾಜಕ್ಕೆ ಎರಡು ಪರೀಕ್ಷೆಗಳನ್ನು ಒಟ್ಟಿಗೆ ಒಡ್ಡಬೇಕು. ಅದು ಬಾಳೀತೇ? ಅದರಲ್ಲಿ ಎಲ್ಲರೂ ಬಾಳಬಹುದೇ? ಒಂದರಲ್ಲಿ ಗೆದ್ದು ಇನ್ನೊಂದರಲ್ಲಿ ಸೋತ ವ್ಯವಸ್ಥೆಯನ್ನು ನೈತಿಕವೆಂದು ಕರೆಯಲಾಗದು.

ಈ ಎರಡನೆಯ ಪರೀಕ್ಷೆಯನ್ನು ಈ ಸೀಮೆಯವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳಲ್ಲಿ ಒಂದು ಅರ್ಥಶಾಸ್ತ್ರವನ್ನೇ ಇಟ್ಟರು. ದುಡಿಮೆಯಿಂದ ಯಾರಿಗೂ ವಿನಾಯಿತಿ ಇಲ್ಲ. ದುಡಿದು ಮಿಕ್ಕದ್ದು ದುಡಿದವನೊಬ್ಬನದೇ ಅಲ್ಲ. ಈ ಹೊಳೆಯ ಮೇಲೆ ಅಂಬಿಗನಾಗಿ ಬಾಳಿದ ಚೌಡಯ್ಯ ಆ ಶರಣರಲ್ಲಿ ಒಬ್ಬ. ಚೌಡದಾನಪುರದ ಹೆಸರಿನಲ್ಲಿಯೇ ಜನ ಇಂದಿಗೂ ಅವನ ನೆನಪನ್ನು ಕಾಣುತ್ತಾರೆ. ದೋಣಿ ನಡೆಸುವವನಿಗೆ ಒಂದು ಸತ್ಯ ಗೊತ್ತಿರುತ್ತದೆ: ದೋಣಿಯಲ್ಲಿ ಒಬ್ಬನು ತನ್ನ ಕಡೆಯ ಹಲಗೆಗೆ ತೂತು ಕೊರೆದರೆ ಅದು ಅವನ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ.

ದುರಸ್ತಿಗೆ ಮೊದಲೇ ಮೀಸಲು

ಹಿಂದಿನವರು ಮಾಡಿದ ತಪ್ಪುಗಳನ್ನು ಬಿಡಬೇಕು, ಹೌದು. ಆದರೆ ಅವರು ಕಂಡುಕೊಂಡ ಉಪಾಯಗಳನ್ನೂ ಬಿಟ್ಟುಬಿಡುವುದು ಜಾಣತನವಲ್ಲ. ಕರ್ನಾಟಕದ ಶಾಸನಗಳಲ್ಲಿ ಕಟ್ಟುಕೊಡಗೆ, ಬಿತ್ತುವಟ್ಟ, ದಸವಂದ ಎಂಬ ಮಾತುಗಳು ಪದೇ ಪದೇ ಬರುತ್ತವೆ. ಕೆರೆ ಕಟ್ಟಿದವನಿಗೆ, ಕೆರೆಯನ್ನು ಕಾಯುವವನಿಗೆ, ಹೂಳೆತ್ತುವ ಕೆಲಸಕ್ಕೆ ಇಷ್ಟು ಭೂಮಿ ಅಥವಾ ಬೆಳೆಯಲ್ಲಿ ಇಷ್ಟು ಪಾಲು ಎಂದು ಗೊತ್ತುಮಾಡಿ ಕಲ್ಲಿನಲ್ಲಿ ಕೆತ್ತಿಸಿದ ಏರ್ಪಾಡುಗಳು ಇವು. ಕೆರೆ ಕಟ್ಟುವ ಉತ್ಸಾಹ ಒಂದು ತಲೆಮಾರಿನದು. ಅದನ್ನು ಕಾಯುವ ಹೊಣೆ ಹತ್ತು ತಲೆಮಾರಿನದು. ಆ ಹೊಣೆಯ ಖರ್ಚನ್ನು ದಾನಬುದ್ಧಿಗೆ ಬಿಡದೆ, ಕೆರೆಯ ಫಲದಲ್ಲಿಯೇ ಒಂದು ಪಾಲನ್ನು ಮೀಸಲಿಟ್ಟದ್ದು ಆ ಕಾಲದ ದೊಡ್ಡ ತಿಳಿವಳಿಕೆ.

ಇದನ್ನು ಇಂದಿನ ಸ್ಥಿತಿಯ ಜೊತೆ ಹೋಲಿಸಬೇಕು. ಗಳಗನಾಥವನ್ನು ದಾಟಿದ ನೀರು ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯಕ್ಕೆ ಸೇರುತ್ತದೆ. 1953ರಲ್ಲಿ ನೀರು ನಿಲ್ಲಿಸಲು ತೊಡಗಿದಾಗ ಅದು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಅದು ಹಿಡಿಯುವುದು ಸುಮಾರು 105 ಟಿಎಂಸಿ ಮಾತ್ರ. ಉಳಿದ ಜಾಗವನ್ನು ಹೂಳು ತಿಂದಿದೆ. ಆ ಹೂಳು ಎಲ್ಲಿಂದಲೋ ಬಂದದ್ದಲ್ಲ. ಮಲೆನಾಡಿನ ಬೋಳುಗುಡ್ಡಗಳ ಮೇಲ್ಮಣ್ಣು, ಹಾವೇರಿ ಮತ್ತು ರಾಣೇಬೆನ್ನೂರು ಕಡೆಯ ಬದು ಇಲ್ಲದ ಹೊಲಗಳ ಮೇಲ್ಮಣ್ಣು ಅದರಲ್ಲಿ ಸೇರಿದೆ. ಒಬ್ಬ ರೈತನ ಹೊಲದ ಸಾರ ಕೆಳಗಿನ ಇನ್ನೊಬ್ಬ ರೈತನ ನೀರಿನ ಜಾಗವನ್ನು ಕಸಿದುಕೊಂಡಿದೆ. ಇಬ್ಬರಿಗೂ ನಷ್ಟ, ಲಾಭ ಯಾರಿಗೂ ಇಲ್ಲ.

2024ರ ಆಗಸ್ಟ್ 10ರ ರಾತ್ರಿ ಆ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿ ನಿಂತಿದ್ದ ನೀರಿನಲ್ಲಿ ಹತ್ತಾರು ಟಿಎಂಸಿ ಹೊರಗೆ ಹರಿಯಿತು. ಕೆಲಸಗಾರರೂ ತಂತ್ರಜ್ಞರೂ ಹರಿಯುವ ನೀರಿನ ನಡುವೆಯೇ ಒಂದು ವಾರದೊಳಗೆ ತಾತ್ಕಾಲಿಕ ತಡೆಯನ್ನು ಇಳಿಸಿದರು, ಮುಂದಿನ ಮಳೆ ಕೈಹಿಡಿಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ರೈತರು ಆ ವಾರವನ್ನು ಉಸಿರು ಬಿಗಿಹಿಡಿದು ಕಳೆದರು. ಕಟ್ಟುವುದಕ್ಕೆ ಸಿಗುವ ಹಣ, ಉದ್ಘಾಟನೆ, ಹೆಸರು ಯಾವುದೂ ಕಾಯುವುದಕ್ಕೆ ಸಿಗುವುದಿಲ್ಲ. ದೀರ್ಘಕಾಲ ಬಾಳಬೇಕೆನ್ನುವ ಸಮಾಜ ಈ ಕ್ರಮವನ್ನು ತಲೆಕೆಳಗು ಮಾಡಬೇಕು. ದುರಸ್ತಿಯ ಪಾಲನ್ನು ಮೊದಲು ಎತ್ತಿಟ್ಟು, ಮಿಕ್ಕದ್ದರಲ್ಲಿ ಹೊಸದನ್ನು ಕಟ್ಟಬೇಕು.

ಕುಸನೂರಿನ ಪಾಠ

ಹಾವೇರಿ ಜಿಲ್ಲೆ 1997ರಲ್ಲಿ ಬೇರೆಯಾಗುವ ಮುನ್ನ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಆ ದಿನಗಳಲ್ಲಿ ಈ ನೆಲದಲ್ಲಿ ನಡೆದ ಎರಡು ಹೋರಾಟಗಳನ್ನು ಇಂದಿನ ವಿದ್ಯಾರ್ಥಿಗಳು ತಿಳಿದಿರಬೇಕು.

ಮೊದಲನೆಯದು ನದಿಯದು. ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ನಾರು ತಯಾರಿಸುವ ಕಾರ್ಖಾನೆಗಳು 1970ರ ದಶಕದಲ್ಲಿ ಕೆಲಸ ಆರಂಭಿಸಿದವು. ಅವುಗಳ ತ್ಯಾಜ್ಯನೀರು ತುಂಗಭದ್ರೆಯನ್ನು ಕೆಡಿಸುತ್ತಿದೆ, ಮೀನುಗಳು ಸಾಯುತ್ತಿವೆ, ದನಕರುಗಳಿಗೂ ಮನುಷ್ಯರಿಗೂ ನೀರು ಮುಟ್ಟಲು ಬಾರದಂತಾಗಿದೆ ಎಂದು ಕೆಳದಂಡೆಯ ರಾಣೇಬೆನ್ನೂರು ತಾಲ್ಲೂಕಿನ ಹಳ್ಳಿಗರು 1980ರ ದಶಕದಲ್ಲಿ ಬೀದಿಗಿಳಿದರು. ಜಲಮಾಲಿನ್ಯ ತಡೆಯುವ ಕೇಂದ್ರದ ಕಾಯಿದೆ 1974ರಲ್ಲಿಯೇ ಬಂದಿತ್ತು. ಕಾಯಿದೆ ಇದ್ದೂ ಕೆಳದಂಡೆಯವರು ಬೀದಿಗೆ ಬರಬೇಕಾಯಿತೆಂದರೆ, ಕಾಯಿದೆ ಮತ್ತು ನೀರಿನ ನಡುವೆ ಕಣ್ಣಿಟ್ಟು ಕಾಯುವವರು ಬೇಕು ಎಂದು ಅರ್ಥ.

ಎರಡನೆಯದು ನೆಲದ್ದು. 1984ರಲ್ಲಿ ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಕಟ್ಟಿದವು. ಕಾರ್ಖಾನೆಗೆ ಬೇಕಾದ ನೀಲಗಿರಿ ಮೊದಲಾದ ಮರಗಳನ್ನು ಬೆಳೆಯಲು ಸುಮಾರು 75,000 ಎಕರೆ ಸಿ ಮತ್ತು ಡಿ ವರ್ಗದ ಭೂಮಿಯನ್ನು ಅದಕ್ಕೆ ಒಪ್ಪಿಸುವುದು ಯೋಜನೆ. ಸರ್ಕಾರಿ ಕಡತಗಳಲ್ಲಿ ಅದು ಪಾಳುಭೂಮಿ. ಊರವರ ಪಾಲಿಗೆ ಅದು ಗಾಯರಾಣ, ಗೋಮಾಳ. ಕುರಿ ದನ ಮೇಯುವ ನೆಲ. ಹೆಂಗಸರು ಸೌದೆ ಆಯುವ ನೆಲ. ಒಂದೆಕರೆಯೂ ಇಲ್ಲದವನು ಬರಗಾಲದಲ್ಲಿ ಎಮ್ಮೆ ಕಟ್ಟಿಕೊಂಡು ಬದುಕುವ ನೆಲ. ಕಡತ ಬರೆದ ಮೇಜಿನ ಬಳಿ ಆ ಹೆಂಗಸಿಗೂ ಆ ಭೂಹೀನನಿಗೂ ಕುರ್ಚಿ ಇರಲಿಲ್ಲ.

ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠ ಮತ್ತು ಸಂಗಡಿಗರು ಹಳ್ಳಿಹಳ್ಳಿಗಳನ್ನು ಸಂಘಟಿಸಿದರು. ಕೋಟ ಶಿವರಾಮ ಕಾರಂತರು ಅರ್ಜಿದಾರರಾಗಿ ನಿಂತರು, ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು, 1987ರಲ್ಲಿ ತಡೆಯಾಜ್ಞೆ ಬಂತು. ಅದೇ ವರ್ಷದ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಕಿತ್ತರು. ಕಿತ್ತ ಜಾಗದಲ್ಲಿ ಹಣ್ಣು, ಮೇವು ಕೊಡುವ ಊರಿಗೆ ಬೇಕಾದ ಸಸಿಗಳನ್ನು ಹಚ್ಚಿದರು. 1991ರಲ್ಲಿ ಆ ಜಂಟಿ ಸಂಸ್ಥೆ ಮುಚ್ಚಿತು.

ಆ ಸತ್ಯಾಗ್ರಹದ ಹೆಸರಿನಲ್ಲಿ ಎರಡು ಕ್ರಿಯಾಪದಗಳಿವೆ. ಕೀಳುವುದಷ್ಟೇ ಆಗಿದ್ದರೆ ಅದು ಪ್ರತಿಭಟನೆಯಾಗಿ ಮುಗಿಯುತ್ತಿತ್ತು. ಯಾವುದನ್ನು ನೆಡಬೇಕೆಂದು ಊರೇ ಕೂತು ಗೊತ್ತುಮಾಡಿದ್ದರಿಂದ ಅದು ವ್ಯವಸ್ಥೆ ಕಟ್ಟುವ ಕೆಲಸವಾಯಿತು. ಇದಕ್ಕೂ ನಾಲ್ಕು ವರ್ಷ ಮೊದಲು, 1983ರ ಸೆಪ್ಟೆಂಬರ್‌ನಲ್ಲಿ, ಸಿರಸಿ ತಾಲ್ಲೂಕಿನ ಸಾಲ್ಕಣಿಯವರು ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದಿದ್ದರು. ಮಲೆನಾಡಿನವರು ಅಪ್ಪಿಕೊಂಡರು, ಬಯಲಿನವರು ಹಚ್ಚಿಕೊಂಡರು. ಎರಡೂ ಒಂದೇ ಪಾಠದ ಎರಡು ಪುಟಗಳು.

ಮರ ನೆಡುವುದೇ ಪುಣ್ಯವೆಂದು ಭಾವಿಸುವವರು ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನೂ ನೋಡಬೇಕು. 1974ರಲ್ಲಿ ಘೋಷಣೆಯಾದ ಈ 119 ಚದರ ಕಿಲೋಮೀಟರ್ ಪ್ರದೇಶದ ಬಹುಭಾಗಕ್ಕೆ ನೀಲಗಿರಿ ಹಬ್ಬಿತು. ಕೃಷ್ಣಮೃಗಕ್ಕೆ ಬೇಕಾದದ್ದು ಹುಲ್ಲುಗಾವಲು. ಎರ್ಲಡ್ಡು ಎಂದು ಜನ ಕರೆಯುವ ದೊಡ್ಡ ಹಕ್ಕಿಗೂ ಬೇಕಾದದ್ದು ಅದೇ ಬಯಲು. ಆ ಹಕ್ಕಿ ಈಗ ಇಲ್ಲಿಲ್ಲ. ನೆಲದ ಗುಣವನ್ನು ಕೇಳದೆ ಮಾಡಿದ ಒಳ್ಳೆಯ ಕೆಲಸವೂ ಕೇಡಾಗಬಲ್ಲದು.

ಎಲ್ಲರ ಸೊತ್ತು ಯಾರ ಸೊತ್ತೂ ಅಲ್ಲವೇ?

1968ರಲ್ಲಿ ಅಮೆರಿಕದ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ ಒಂದು ವಾದ ಮುಂದಿಟ್ಟ. ಸಾಮೂಹಿಕ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬನೂ ಇನ್ನೊಂದು ದನ ಬಿಡುವುದು ಲಾಭವೆಂದು ಲೆಕ್ಕ ಹಾಕುತ್ತಾನೆ. ಕೊನೆಗೆ ಹುಲ್ಲುಗಾವಲೇ ಹಾಳಾಗುತ್ತದೆ. ಆದ್ದರಿಂದ ಅದನ್ನು ಖಾಸಗಿಗೆ ಕೊಡಬೇಕು ಅಥವಾ ಸರ್ಕಾರ ಕಾಯಬೇಕು ಎಂಬುದು ಆ ವಾದದ ಸಾರ. ಬಹುಕಾಲ ಆಡಳಿತಗಾರರು ಇದನ್ನೇ ನಂಬಿದರು.

ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ ಇದನ್ನು ಒಪ್ಪಲಿಲ್ಲ. ಸ್ವಿಟ್ಜರ್ಲೆಂಡಿನ ಮೇವುಗಾವಲು, ಜಪಾನಿನ ಹಳ್ಳಿಕಾಡು, ಸ್ಪೇನಿನ ಕಾಲುವೆಗಳಲ್ಲಿ ಜನ ನೂರಾರು ವರ್ಷಗಳಿಂದ ತಾವೇ ಕಟ್ಟಳೆ ಮಾಡಿಕೊಂಡು ಬಾಳಿದ್ದನ್ನು ಅವರು ಪರಿಶೀಲಿಸಿ 1990ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಅವರು ಕಂಡದ್ದು ಹಳ್ಳಿಯವರಿಗೆ ಹೊಸದೇನಲ್ಲ: ಸೊತ್ತಿನ ಎಲ್ಲೆ ಗೊತ್ತಿರಬೇಕು, ಬಳಸುವವರೇ ಕಟ್ಟಳೆ ಮಾಡಬೇಕು, ಕಾವಲುಗಾರ ಬಳಸುವವರಿಗೆ ಉತ್ತರ ಹೇಳಬೇಕು, ಮೊದಲ ತಪ್ಪಿಗೆ ಸಣ್ಣ ದಂಡ, ಮರುಕಳಿಸಿದರೆ ದೊಡ್ಡದು, ಜಗಳ ಹತ್ತಿರದಲ್ಲೇ, ಖರ್ಚಿಲ್ಲದೆ ಬಗೆಹರಿಯಬೇಕು, ಊರಿನ ಈ ಅಧಿಕಾರವನ್ನು ಮೇಲಿನ ಸರ್ಕಾರ ಮನ್ನಿಸಬೇಕು.

ಸ್ಪೇನಿನ ವೆಲೆನ್ಸಿಯಾದಲ್ಲಿ ಕಾಲುವೆ ನೀರಿನ ತಂಟೆಗಳನ್ನು ತೀರಿಸುವ ಪಂಚಾಯಿತಿ ಪ್ರತಿ ಗುರುವಾರ ನಗರದ ಪ್ರಧಾನ ಚರ್ಚಿನ ಬಾಗಿಲಲ್ಲಿ ಸೇರುತ್ತದೆ. ರೈತರೇ ಆರಿಸಿದ ರೈತರು ಕೂತು, ಬಾಯಿಮಾತಿನಲ್ಲೇ ವಿಚಾರಿಸಿ, ಅಲ್ಲಿಯೇ ತೀರ್ಪು ಹೇಳುತ್ತಾರೆ. ದೇಗುಲದ ಮುಂದೆ ನ್ಯಾಯ ಕೂಡುವ ಪದ್ಧತಿ ಕನ್ನಡ ನಾಡಿನ ಹಳ್ಳಿಗಳಿಗೂ ಗೊತ್ತಿತ್ತು. ಅಲ್ಲಿ ಕೂರುವವರು ಯಾರು, ನಿಲ್ಲುವವರು ಯಾರು ಎಂಬುದನ್ನು ಮಾತ್ರ ಹೊಸ ಕಾಲ ಬದಲಿಸಬೇಕು: ಹೆಂಗಸರು, ದಲಿತರು, ಕುರಿಗಾರರು, ಮೀನುಗಾರರು ಆ ಕಟ್ಟೆಯ ಮೇಲೆ ಕೂರಬೇಕು.

ಹುಟ್ಟದವರ ಪರವಾಗಿ ಮಾತನಾಡುವವರು

ಕೆಳದಂಡೆಯವರು ಕೂಗಿದರೆ ಕೇಳಿಸೀತು. ನೂರು ವರ್ಷದ ನಂತರ ಹುಟ್ಟುವ ಮಗುವಿನ ಕೂಗು ಕೇಳಿಸುವುದಿಲ್ಲ. ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗ ಕುಸನೂರಿನ ಸತ್ಯಾಗ್ರಹ ನಡೆದ 1987ರಲ್ಲಿಯೇ ತನ್ನ ವರದಿ ಕೊಟ್ಟಿತು. ಇಂದಿನವರ ಅಗತ್ಯ ತೀರಬೇಕು, ಆದರೆ ಮುಂದಿನವರು ತಮ್ಮ ಅಗತ್ಯ ತೀರಿಸಿಕೊಳ್ಳುವ ಶಕ್ತಿಗೆ ಕುಂದು ಬರಬಾರದು ಎಂಬುದು ಅದರ ತಿರುಳು. ಅದಕ್ಕೂ ಮುನ್ನ, 1940ರ ದಶಕದಲ್ಲಿ, ಗಾಂಧೀಜಿಯವರ ಸಂಗಡಿಗರಾದ ಜೆ. ಸಿ. ಕುಮಾರಪ್ಪನವರು ಶಾಶ್ವತ ಅರ್ಥವ್ಯವಸ್ಥೆಯ ಬಗ್ಗೆ ಸೆರೆಮನೆಯಲ್ಲಿ ಕೂತು ಬರೆದಿದ್ದರು. ಕೊಳ್ಳೆ ಹೊಡೆದು ಬಾಳುವುದು ಒಂದು ಬಗೆ, ಕೊಟ್ಟು ಬಾಳುವುದು ಇನ್ನೊಂದು ಬಗೆ. ಎರಡನೆಯದೇ ಉಳಿಯುತ್ತದೆ ಎಂಬುದು ಅವರ ನಿಲುವು.

ಈ ನೀತಿಯನ್ನು ಕಾನೂನಿಗೆ ಇಳಿಸುವ ಪ್ರಯತ್ನಗಳೂ ನಡೆದಿವೆ. ಬ್ರಿಟನ್ನಿನ ಭಾಗವಾದ ವೇಲ್ಸ್ 2015ರಲ್ಲಿ ಮುಂದಿನ ತಲೆಮಾರುಗಳ ಹಿತಕ್ಕಾಗಿ ಕಾಯಿದೆ ಮಾಡಿ, ಅವರ ಪರವಾಗಿ ಮಾತನಾಡಲು ಒಬ್ಬ ಆಯುಕ್ತರನ್ನು ನೇಮಿಸುವ ಏರ್ಪಾಡು ಮಾಡಿತು. ನ್ಯೂಜಿಲೆಂಡ್ 2017ರಲ್ಲಿ ವಾಂಗನುಯಿ ನದಿಗೆ ಕಾನೂನಿನ ವ್ಯಕ್ತಿಯ ಸ್ಥಾನ ಕೊಟ್ಟು, ಅದರ ಪರವಾಗಿ ನಿಲ್ಲಲು ಇಬ್ಬರನ್ನು ಗೊತ್ತುಮಾಡಿತು. ಒಬ್ಬರು ಸರ್ಕಾರದಿಂದ, ಇನ್ನೊಬ್ಬರು ಆ ನದಿಯ ದಡದ ಮಾವೊರಿ ಜನರಿಂದ. ನದಿಯನ್ನು ತಾಯಿಯೆಂದು ಪೂಜಿಸುವ ನಾಡಿನಲ್ಲಿ ಆ ತಾಯಿಯ ಪರವಾಗಿ ಸಹಿ ಹಾಕುವವರು ಯಾರೂ ಇಲ್ಲವೆಂಬುದು ಯೋಚಿಸಬೇಕಾದ ವಿಷಯ.

ಬೀಜದ ವಿಷಯವೂ ಇದೇ. ಬ್ಯಾಡಗಿ ಮೆಣಸಿನಕಾಯಿ ಕಡುಗೆಂಪು ಬಣ್ಣಕ್ಕೂ ಕಡಿಮೆ ಖಾರಕ್ಕೂ ಹೆಸರಾದದ್ದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಆ ಗುಣವನ್ನು ಯಾವುದೋ ಪ್ರಯೋಗಶಾಲೆ ಒಂದು ವರ್ಷದಲ್ಲಿ ಮಾಡಿಕೊಟ್ಟದ್ದಲ್ಲ. ಒಳ್ಳೆಯ ಕಾಯಿಯನ್ನು ಆರಿಸಿ, ಒಣಗಿಸಿ, ಮುಂದಿನ ವರ್ಷಕ್ಕೆ ಎತ್ತಿಟ್ಟ ಹೆಸರಿಲ್ಲದ ಹೆಂಗಸರೂ ಗಂಡಸರೂ ತಲೆಮಾರುಗಳಿಂದ ಕಾಪಾಡಿದ್ದು. ಉತ್ತಮವಾದದ್ದನ್ನು ಉಣ್ಣದೆ ಬಿತ್ತಲು ಇಡುವುದು ಎಂಬ ಈ ಒಂದು ರೂಢಿಯಲ್ಲಿ ಮುಂದಿನವರ ಮೇಲಿನ ಹೊಣೆ ಪೂರ್ತಿಯಾಗಿ ಅಡಗಿದೆ. ಈಗ ಬೀಜವೂ ಹೊರಗಿನಿಂದ, ಗೊಬ್ಬರವೂ ಹೊರಗಿನಿಂದ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಸೇರಿದ ರೈತರ ಮೇಲೆ ಗುಂಡು ಹಾರಿತು, ಜೀವಗಳು ಹೋದವು. ಮುಂಗಾರಿನ ಮೊದಲ ವಾರದಲ್ಲಿ ಒಂದು ಚೀಲ ಗೊಬ್ಬರ ಬಾರದಿದ್ದರೆ ಬಿತ್ತನೆಯೇ ನಿಲ್ಲುವ ಬೇಸಾಯ ಎಷ್ಟು ದಿನ ಬಾಳೀತು ಎಂಬ ಪ್ರಶ್ನೆಯನ್ನು ಆ ಸಾವುಗಳು ಇಂದಿಗೂ ಕೇಳುತ್ತಿವೆ.

ಐದು ಕಟ್ಟಳೆಗಳು

ಈವರೆಗೆ ಹೇಳಿದ್ದರಿಂದ ಹೊಸ ವ್ಯವಸ್ಥೆಗೆ ಐದು ಕಟ್ಟಳೆಗಳನ್ನು ಸಂಗ್ರಹಿಸಬಹುದು.

ಒಂದು: ಮೇಲ್ದಂಡೆಯ ನಿರ್ಧಾರಕ್ಕೆ ಕೆಳದಂಡೆಯ ಒಪ್ಪಿಗೆ ಬೇಕು, ಕೆಳದಂಡೆಯ ಬೇಡಿಕೆಗೆ ಮೇಲ್ದಂಡೆಯ ಒಪ್ಪಿಗೆ ಬೇಕು.

ಎರಡು: ಯಾವುದನ್ನು ಬಳಸಿದರೂ ಅದರ ಫಲದಲ್ಲಿ ಒಂದು ಪಾಲು ಅದರ ದುರಸ್ತಿಗೆ ಮೊದಲೇ ಮೀಸಲು.

ಮೂರು: ಸಾಮೂಹಿಕ ಸೊತ್ತಿನ ಮೇಲೆ ಮೊದಲ ಹಕ್ಕು ಖಾಸಗಿ ಸೊತ್ತು ಇಲ್ಲದವರದು.

ನಾಲ್ಕು: ಮರಳಿ ಪಡೆಯಲಾಗದ್ದನ್ನು ಕಳೆಯುವ ಮುನ್ನ, ಮರಳಿ ಪಡೆಯಬಹುದಾದ ದಾರಿಗಳೆಲ್ಲವೂ ಮುಗಿದಿರಬೇಕು. ಕೆಟ್ಟ ರಸ್ತೆಯನ್ನು ಮತ್ತೆ ಮಾಡಬಹುದು. ಕಳೆದ ತಳಿಯನ್ನು, ಕುಸಿದ ಗುಡ್ಡವನ್ನು, ಬತ್ತಿದ ಒರತೆಯನ್ನು ಮತ್ತೆ ಮಾಡಲಾಗದು.

ಐದು: ಲೆಕ್ಕ ಬಯಲಿನಲ್ಲಿ ಇರಬೇಕು. ಯಾರು ಎಷ್ಟು ನೀರು ತೆಗೆದರು, ಎಷ್ಟು ಮರಳು ಹೋಯಿತು, ಎಷ್ಟು ಎಕರೆ ಗಾಯರಾಣ ಉಳಿದಿದೆ ಎಂಬುದು ಊರಿನ ಯಾವ ಮಗುವಿಗೂ ಗೊತ್ತಾಗುವಂತಿರಬೇಕು.

ಕಣ್ಣೆದುರಿನ ಪರೀಕ್ಷೆ

ಈ ಕಟ್ಟಳೆಗಳು ಬರಿಯ ಮಾತೋ, ಬಳಕೆಗೆ ಬರುವಂಥವೋ ಎಂದು ನೋಡಲು ದೂರ ಹೋಗಬೇಕಾಗಿಲ್ಲ. ಬೇಡ್ತಿ–ವರದಾ ಜೋಡಣೆಯ ಪ್ರಸ್ತಾವ ಹಲವು ವರ್ಷಗಳಿಂದ ಚರ್ಚೆಯಲ್ಲಿದೆ. ಉತ್ತರ ಕನ್ನಡದ ಬೇಡ್ತಿಯ ಉಪಹಳ್ಳಗಳ ನೀರನ್ನು ತಡೆದು, ಎತ್ತಿ, ವರದೆಗೆ ಹರಿಸುವ ಯೋಚನೆ ಅದು. ಹಾವೇರಿ ಕಡೆಯ ರೈತರು ಅದನ್ನು ಬೇಡುತ್ತಾರೆ; ಸಿರಸಿ ಯಲ್ಲಾಪುರ ಕಡೆಯವರು ಅದನ್ನು ವಿರೋಧಿಸುತ್ತಾರೆ. ಎರಡು ಕಡೆಯೂ ಸಭೆಗಳು ನಡೆದಿವೆ. ಒಂದೇ ಸಭೆಯಲ್ಲಿ ಎರಡೂ ಕಡೆಯವರು ಕೂತು ಮಾತಾಡುವುದು ಮಾತ್ರ ಅಪರೂಪ.

ಬಯಲಿನವರ ಬವಣೆ ಸುಳ್ಳಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ವರದೆ ಬೇಸಿಗೆಯಲ್ಲಿ ಮರಳ ಹಾಸಾಗುತ್ತಾಳೆ. ನೀರಿಲ್ಲದ ಹೊಲ ಬಿಟ್ಟು ಗುಳೆ ಹೋದವನ ಮುಂದೆ ಕಾಡಿನ ಮಹಿಮೆ ಹೇಳುವುದು ನ್ಯಾಯವಲ್ಲ. ಹಾಗೆಯೇ ಮಲೆನಾಡಿನವರ ಭಯವೂ ಸುಳ್ಳಲ್ಲ. ಬೇಡ್ತಿ ಮುಂದೆ ಗಂಗಾವಳಿಯಾಗಿ ಸಮುದ್ರ ಸೇರುವ ದಾರಿಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನ ಗುಡ್ಡ 2024ರ ಜುಲೈನಲ್ಲಿ ಹೆದ್ದಾರಿಯ ಮೇಲೂ ಹೊಳೆಯ ಮೇಲೂ ಕುಸಿದು ಜೀವಗಳನ್ನು ಬಲಿತೆಗೆದುಕೊಂಡಿತು. ಘಟ್ಟದ ಒಡಲು ಎಷ್ಟು ಸೂಕ್ಷ್ಮವೆಂದು ಅಂದು ನಾಡೇ ಕಂಡಿತು. ಸಮುದ್ರಕ್ಕೆ ಹೋಗುವ ನೀರು ವ್ಯರ್ಥವೆಂದು ಹೇಳುವವರು ಅಳಿವೆಯ ಮೀನುಗಾರನನ್ನೂ ಕೇಳಬೇಕು. ಸಿಹಿನೀರು ಬರದಿದ್ದರೆ ಉಪ್ಪುನೀರು ಮೇಲೇರಿ ಅವನ ಬಾವಿಗೆ ಬರುತ್ತದೆ.

ಮೊದಲ ಕಟ್ಟಳೆಯನ್ನು ಇಲ್ಲಿ ಅನ್ವಯಿಸಿದರೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂರಬೇಕಾಗುತ್ತದೆ. ನಾಲ್ಕನೆಯದನ್ನು ಅನ್ವಯಿಸಿದರೆ ಕಾಡನ್ನು ಮುಳುಗಿಸುವ ಮುನ್ನ ಬೇರೆ ದಾರಿಗಳ ಪಟ್ಟಿ ಮುಗಿದಿದೆಯೇ ಎಂದು ಕೇಳಬೇಕಾಗುತ್ತದೆ. ವರದೆಯ ಕಣಿವೆಯ ಕೆರೆಗಳೆಲ್ಲ ಹೂಳೆತ್ತಿಸಿಕೊಂಡಿವೆಯೇ? ಹೊಲಗಳಿಗೆ ಬದು ಬಿದ್ದಿದೆಯೇ? 2019ರ ಆಗಸ್ಟ್‌ನಲ್ಲಿ ಇದೇ ವರದೆ ಉಕ್ಕಿ ದಡದ ಹಳ್ಳಿಗಳಿಗೆ ನುಗ್ಗಿದಳು. ಒಂದು ವರ್ಷ ಊರನ್ನು ಮುಳುಗಿಸುವ ಹೊಳೆ ಇನ್ನೊಂದು ವರ್ಷ ಕುಡಿಯುವುದಕ್ಕೂ ನೀರು ಕೊಡದಿದ್ದರೆ, ಕೊರತೆ ಇರುವುದು ನೀರಿನಲ್ಲಿಯೋ, ನೀರನ್ನು ಹಿಡಿದಿಡುವ ನೆಲದಲ್ಲಿಯೋ ಎಂದು ಕೇಳುವುದು ನ್ಯಾಯ. ಮಲೆನಾಡಿನವರಿಗೂ ಕೇಳಬೇಕಾದ ಪ್ರಶ್ನೆ ಇದೆ: ವರದೆ ಹುಟ್ಟುವ ಸಾಗರ ಸೊರಬಗಳ ಗುಡ್ಡಗಳಲ್ಲಿ ಕಾನು ಕಡಿದು ತೋಟ ಹಬ್ಬಿಸುವಾಗ ಕೆಳಗಿನ ಹಾವೇರಿಯ ನೆನಪು ಆಗುತ್ತದೆಯೇ? ಕಾಡು ಉಳಿಸಿದ ಊರಿಗೆ ಬಯಲಿನ ನೀರಾವರಿಯ ಫಲದಲ್ಲಿ ಪಾಲು ಸಲ್ಲಬೇಕು. ಹಾಗೆಯೇ ಕಾಡು ಕಡಿದ ಊರು ಬಯಲಿಗೆ ಉತ್ತರ ಹೇಳಬೇಕು.

ಇಂಥ ಲೆಕ್ಕಾಚಾರ ಜನರ ಕೈಲಾಗದು ಎನ್ನುವವರಿಗೆ ಇದೇ ಬೇಡ್ತಿಯ ಚರಿತ್ರೆ ಉತ್ತರ ಕೊಡುತ್ತದೆ. ಅಲ್ಲಿ ಜಲವಿದ್ಯುತ್ ಅಣೆಕಟ್ಟಿನ ಪ್ರಸ್ತಾವ ಬಂದಾಗ ಅಡಿಕೆ ಬೆಳೆಗಾರರು 1981ರಲ್ಲಿ ಸಿರಸಿಯಲ್ಲಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕೂಡಿಸಿ ಯೋಜನೆಯ ಲಾಭನಷ್ಟಗಳನ್ನು ಸಾಲುಸಾಲಾಗಿ ಪರಿಶೀಲಿಸಿದರು. ಆ ಯೋಜನೆ ಕೈಬಿಟ್ಟುಹೋಯಿತು. ಈ ಬಾರಿ ಬೇಕಾದದ್ದು ಇನ್ನೂ ಒಂದು ಹೆಜ್ಜೆ ಮುಂದಿನ ಕೆಲಸ: ಲೆಕ್ಕ ಹಾಕುವ ಸಭೆಯಲ್ಲಿ ಅಡಿಕೆ ಬೆಳೆಗಾರನ ಪಕ್ಕದಲ್ಲಿ ಹಾವೇರಿಯ ಗೋವಿನಜೋಳದ ರೈತನೂ ಇರಬೇಕು, ಗಂಗಾವಳಿಯ ಮೀನುಗಾರನೂ ಇರಬೇಕು.

ನಾಳೆಯಿಂದ ಮಾಡಬಹುದಾದದ್ದು

ಹೊಸ ವ್ಯವಸ್ಥೆಗಾಗಿ ಹೊಸ ಸರ್ಕಾರವನ್ನು ಕಾಯಬೇಕಾಗಿಲ್ಲ. ಗ್ರಾಮಸಭೆಗೆ ಕಾನೂನಿನ ಬಲವಿದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಸಮಿತಿಯೂ, ಊರಿನ ಗಿಡಮರ, ತಳಿ, ಜೀವಿಗಳ ದಾಖಲಾತಿಯೂ ಇರಬೇಕು. 2005ರ ಮಾಹಿತಿ ಹಕ್ಕಿನಿಂದ ಕಡತ ನೋಡಬಹುದು. 2011ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಊರಿನ ಸಾಮೂಹಿಕ ಭೂಮಿಯ ಒತ್ತುವರಿ ತೆರವುಮಾಡಿ ಊರಿಗೆ ಮರಳಿಸಬೇಕೆಂದು ಎಲ್ಲ ರಾಜ್ಯಗಳಿಗೆ ಹೇಳಿದೆ. ಸಾಧನಗಳಿವೆ, ಹಿಡಿಯುವ ಕೈ ಬೇಕು.

ವಿದ್ಯಾರ್ಥಿಗಳ ಕೆಲಸ ಅಳೆಯುವುದು ಮತ್ತು ಬರೆದಿಡುವುದು. ಪ್ರತಿ ತಿಂಗಳು ಊರಿನ ಹತ್ತು ಬಾವಿಗಳ ನೀರಿನ ಮಟ್ಟವನ್ನು ಹಗ್ಗ ಬಿಟ್ಟು ಅಳೆದು ಶಾಲೆಯ ಗೋಡೆಯ ಮೇಲೆ ಬರೆದರೆ ಐದು ವರ್ಷದಲ್ಲಿ ಯಾವ ಇಲಾಖೆಯ ಬಳಿಯೂ ಇಲ್ಲದ ದಾಖಲೆ ಊರಿನ ಕೈಗೆ ಬರುತ್ತದೆ. ವರದಾಮೂಲದ ಶಾಲೆಯ ಮಕ್ಕಳೂ ಗಳಗನಾಥದ ಮಕ್ಕಳೂ ಮಳೆ ಮತ್ತು ಹೊಳೆಯ ಲೆಕ್ಕವನ್ನು ಪರಸ್ಪರ ಕಾಗದದಲ್ಲಿ ಬರೆದು ಕಳಿಸಿದರೆ, ನದಿಯ ಎರಡು ತುದಿಗಳು ಒಂದನ್ನೊಂದು ಅರಿಯುತ್ತವೆ. ಈ ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಮನೆಮನೆಗೆ ಮುಟ್ಟಿಸಿದರೆಂದು ಹಿರಿಯರು ನೆನೆಯುತ್ತಾರೆ. ಬರೆದ ಲೆಕ್ಕವೂ ಹಾಗೆಯೇ ಮನೆಮನೆಗೆ ಮುಟ್ಟಬೇಕು.

ಗ್ರಾಮಸ್ಥರ ಕೆಲಸ ಮುಂದಿನ ಗ್ರಾಮಸಭೆಯಲ್ಲಿ ಎರಡು ಕುರ್ಚಿಗಳನ್ನು ಖಾಲಿ ಇಡಿಸುವುದು. ಒಂದು ಕೆಳದಂಡೆಯವರದು, ಇನ್ನೊಂದು ಹುಟ್ಟಲಿರುವವರದು. ಕೊಳವೆಬಾವಿ, ಕಲ್ಲುಕ್ವಾರಿ, ಗೋಮಾಳದ ಹಂಚಿಕೆ ಯಾವುದರ ನಿರ್ಣಯ ಬಂದರೂ, ಸಹಿ ಹಾಕುವ ಮುನ್ನ ಇಬ್ಬರು ಸದಸ್ಯರು ಎದ್ದು ಆ ಎರಡು ಕುರ್ಚಿಗಳ ಪರವಾಗಿ ಮಾತಾಡಲಿ, ಆ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಇದಕ್ಕೆ ಖರ್ಚಿಲ್ಲ, ಸರ್ಕಾರದ ಅಪ್ಪಣೆ ಬೇಕಾಗಿಲ್ಲ. ಬರುವ ಬೇಸಿಗೆಯಲ್ಲಿ ವರದೆಯ ಮೇಲ್ದಂಡೆಯ ಒಂದು ಪಂಚಾಯಿತಿಯೂ ಕೆಳದಂಡೆಯ ಒಂದು ಪಂಚಾಯಿತಿಯೂ ಈ ಸಂಗಮದಲ್ಲಿ ಜೊತೆಯಾಗಿ ಕೂತು ಅಂಥ ಮೊದಲ ನಡಾವಳಿ ಬರೆದರೆ, ಈ ಕೆಲಸ ಆರಂಭವಾದಂತೆ.